ಸರ್ಪಸುತ್ತಿಗೆ ದಿನಕ್ಕೆ ಐದು ಮಾತ್ರೆ ಯಾಕೆ, ಡೆಂಗಿಗೆ ಒಂದೂ ಇಲ್ಲ ಯಾಕೆ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ, ರೇಷ್ಮೆ ಹುಳು ಸಾಕುತ್ತೇವೆ. ಅಮ್ಮನಿಗೆ 64 ವರ್ಷ, ಶುಗರ್ ಇದೆ. ಹೋದ ಭಾನುವಾರ ಎದೆಯ ಬಲಗಡೆಯಿಂದ ಬೆನ್ನಿನವರೆಗೆ ಸರ್ಪಸುತ್ತು ಎದ್ದಿತು. ಸೋಮವಾರ ಡಾಕ್ಟರು ಅಸೈಕ್ಲೋವಿರ್ 800 ಮಾತ್ರೆ ದಿನಕ್ಕೆ ಐದರಂತೆ ಏಳು ದಿನಕ್ಕೆ ಬರೆದುಕೊಟ್ಟರು. ಐದು ಅಂದರೆ ತುಂಬಾ ಹೀಟು ಅಂತ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಂದೊಂದೇ ಕೊಟ್ಟೆವು. ಮೂರು ದಿನ ಆಯಿತು, ಹೊಸ ಗುಳ್ಳೆ ಏಳುತ್ತಲೇ ಇವೆ, ಉರಿ ಕಡಿಮೆಯಾಗಿಲ್ಲ. ಆಂಟಿಬಯೋಟಿಕ್ ತಗೊಳ್ಳಿ ಅಂತ ಒಬ್ಬರು, ಕೆಮ್ಮಣ್ಣು ಬರೆಸಿ ಅಂತ ಇನ್ನೊಬ್ಬರು ಹೇಳುತ್ತಿದ್ದಾರೆ. ಹೋದ ವರ್ಷ ಮಗನಿಗೆ ಡೆಂಗಿ ಆದಾಗ ‘ವೈರಸ್‌ಗೆ ಔಷಧಿ ಇಲ್ಲ’ ಅಂದಿದ್ದರು. ಹಾಗಾದರೆ ಈ ಮಾತ್ರೆ ಏನು ಮಾಡುತ್ತದೆ? ಮನೆಯಲ್ಲಿ ಎಂಟು ತಿಂಗಳ ಮಗುವೂ ಇದೆ.

ಉತ್ತರ: ಮೊದಲು ಇವತ್ತು ಮಾಡಬೇಕಾದ್ದು. ಮಾತ್ರೆ ಬರೆದುಕೊಟ್ಟ ಡಾಕ್ಟರಿಗೆ ಈಗಲೇ ಫೋನ್ ಮಾಡಿ ಎರಡು ವಿಷಯ ತಿಳಿಸಿ: ಮೂರು ದಿನದಲ್ಲಿ 15ರ ಬದಲು 9 ಮಾತ್ರೆ ಮಾತ್ರ ಹೊಟ್ಟೆಗೆ ಹೋಗಿವೆ; ತಾಯಿಯವರಿಗೆ ರಕ್ತದ ಕ್ರಿಯಾಟಿನಿನ್ ಪರೀಕ್ಷೆ (ಕಿಡ್ನಿ ಹೇಗಿದೆ ಎಂದು ತೋರಿಸುವುದು) ಕೊನೆಯ ಸಲ ಇಂಥ ದಿನ ಆಗಿತ್ತು, ಇಷ್ಟು ಬಂದಿತ್ತು. ಕಿಡ್ನಿ ಸರಿಯಿದೆ ಎಂದಾದರೆ ಇವತ್ತಿನಿಂದಲೇ ಐದಕ್ಕೆ ಬನ್ನಿ. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ನಡುರಾತ್ರಿ ಎಬ್ಬಿಸಿ ಕೊಡುವುದು ಬೇಡ. ತಪ್ಪಿಹೋದ ಆರು ಮಾತ್ರೆಗಳ ಲೆಕ್ಕ ತುಂಬಿಸಲು ಒಟ್ಟಿಗೆ ಎರಡೆರಡು ಕೊಡಲೇಬೇಡಿ. ಈ ಮಾತ್ರೆ ಊಟದ ಮುಂಚೆಯಾದರೂ ಸರಿ, ನಂತರವಾದರೂ ಸರಿ. ಐದು ಸಲ ಏನಾದರೂ ತಿನ್ನಿಸಬೇಕಲ್ಲ, ಶುಗರ್ ಏರೀತಲ್ಲ ಎಂಬ ಚಿಂತೆ ಬೇಡ. ಪ್ರತಿ ಮಾತ್ರೆಯ ಜೊತೆ ಒಂದು ದೊಡ್ಡ ಲೋಟ ತುಂಬಾ ನೀರು ಕುಡಿಸಿ. ನೀರಿನ ಮಾತು ಮುಂದೆ ಮತ್ತೆ ಬರುತ್ತದೆ.

ಇನ್ನು ನಿಮ್ಮ ಪ್ರಶ್ನೆಯ ತಿರುಳು. ಇದರ ಅರ್ಧ ಉತ್ತರ ನಿಮ್ಮ ಹುಳು ಮನೆಯಲ್ಲೇ ಇದೆ. ಹಾಲುತೊಂಡೆ ರೋಗ ಬಂದಾಗ ಏನಾಗುತ್ತದೆ ನೋಡಿ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ, ಹುಳು ಸೊಪ್ಪು ಬಿಟ್ಟು ತಟ್ಟೆಯ ಅಂಚಿಗೆ ಹರಿದಾಡುತ್ತದೆ, ಗೆಣ್ಣುಗಳು ಊದುತ್ತವೆ, ಚರ್ಮ ಮಿರಿಮಿರಿ ಹೊಳೆಯುತ್ತದೆ, ಕೈ ತಗುಲಿದರೆ ಸಾಕು ಒಡೆದು ಹಾಲಿನಂಥ ರಸ ಸುರಿಯುತ್ತದೆ. ಆ ಬಿಳುಪು ಹುಳುವಿನ ರಕ್ತದಲ್ಲಿ ಕಿಕ್ಕಿರಿದಿರುವ ವೈರಸ್ಸಿನ ಹರಳುಗಳದು. ಹುಳು ಹಿಪ್ಪುನೇರಳೆ ಸೊಪ್ಪು ತಿಂದು ಮೈಗೂಡಿಸಿಕೊಂಡ ಸಾರವನ್ನೇ ಬಳಸಿಕೊಂಡು, ಹುಳುವಿನ ಜೀವಕೋಶದೊಳಗೇ ಕೂತು, ಆ ಕೋಶದ ಯಂತ್ರಗಳಿಂದಲೇ ಆ ವೈರಸ್ ತನ್ನ ನಕಲುಗಳನ್ನು ಮಾಡಿಸಿಕೊಂಡಿರುತ್ತದೆ. ಅದಕ್ಕೆ ಸ್ವಂತ ಒಲೆ ಇಲ್ಲ, ಪಾತ್ರೆ ಇಲ್ಲ, ಹೊಟ್ಟೆಯೂ ಇಲ್ಲ.

ಹಾಲುತೊಂಡೆಗೆ ನೀವು ಬ್ಲೀಚಿಂಗ್ ಪುಡಿ, ಸುಣ್ಣ ಬಳಸುತ್ತೀರಿ. ತಟ್ಟೆಯ ಮೇಲೆ, ಗೋಡೆಯ ಮೇಲೆ, ನೆಲದ ಮೇಲೆ ಬಿದ್ದಿರುವ ವೈರಸ್ಸನ್ನು ಅವು ನಾಶ ಮಾಡುತ್ತವೆ. ಆದರೆ ರೋಗ ಹತ್ತಿದ ಹುಳುವಿಗೆ ಬ್ಲೀಚಿಂಗ್ ಪುಡಿ ತಿನ್ನಿಸುವುದಿಲ್ಲ, ಯಾಕೆಂದರೆ ವೈರಸ್ಸಿಗಿಂತ ಮೊದಲು ಹುಳುವೇ ಸಾಯುತ್ತದೆ. ಮನುಷ್ಯರ ವೈರಸ್ ರೋಗಕ್ಕೆ ಔಷಧಿ ಹುಡುಕುವುದು ಇಷ್ಟು ಕಷ್ಟವಾದದ್ದೂ ಇದೇ ಕಾರಣಕ್ಕೆ. ಬ್ಯಾಕ್ಟೀರಿಯಾ ಹಾಗಲ್ಲ. ಅದಕ್ಕೆ ತನ್ನದೇ ಗೋಡೆ ಇದೆ, ಪ್ರೋಟೀನು ತಯಾರಿಸಲು ನಮ್ಮದಕ್ಕಿಂತ ಬೇರೆ ಬಗೆಯ ಯಂತ್ರ ಇದೆ. ಆಂಟಿಬಯೋಟಿಕ್ ಹೊಡೆಯುವುದು ಆ ಗೋಡೆಗೆ, ಆ ಯಂತ್ರಕ್ಕೆ. ವೈರಸ್ಸಿನಲ್ಲಿ ಅವೆರಡೂ ಇಲ್ಲದ ಮೇಲೆ ಆಂಟಿಬಯೋಟಿಕ್ಕಿಗೆ ಹೊಡೆಯಲು ಜಾಗವೇ ಇಲ್ಲ. ತಾಯಿಯವರ ಗುಳ್ಳೆಯಲ್ಲಿ ಕೀವು ತುಂಬಿ, ಸುತ್ತಲಿನ ಕೆಂಪು ದಿನದಿನಕ್ಕೆ ಹರಡಿ, ಮುಟ್ಟಿದರೆ ಬಿಸಿ ಎನಿಸಿ ಜ್ವರ ಬಂದರೆ ಬ್ಯಾಕ್ಟೀರಿಯಾ ಸೇರಿದೆ ಎಂದು ಅರ್ಥ. ಆಗ ಡಾಕ್ಟರು ಆಂಟಿಬಯೋಟಿಕ್ ಬರೆಯುತ್ತಾರೆ. ಈಗ ಮೆಡಿಕಲ್ ಸ್ಟೋರಿನಿಂದ ಅಜಿತ್ರೋಮೈಸಿನ್ ತಂದು ನುಂಗಿಸಿದರೆ ಸರ್ಪಸುತ್ತಿಗೆ ಒಂದು ಕೂದಲಷ್ಟೂ ಪ್ರಯೋಜನವಿಲ್ಲ.

ಹಾಗಾದರೆ ಅಸೈಕ್ಲೋವಿರ್ ಹೇಗೆ ಕೆಲಸ ಮಾಡುತ್ತದೆ? ಸರ್ಪಸುತ್ತಿನ ವೈರಸ್ ಪೂರ್ತಿ ಬರಿಗೈಯಲ್ಲಿ ಬರುವುದಿಲ್ಲ. ತನ್ನ ಡಿಎನ್‌ಎ ನಕಲು ಮಾಡಲು ಕೆಲವು ಉಪಕರಣಗಳನ್ನು, ಅಂದರೆ ಕಿಣ್ವಗಳನ್ನು, ತಾನೇ ಮಾಡಿಸಿಕೊಳ್ಳುತ್ತದೆ. ಔಷಧಿಗೆ ಸಿಕ್ಕ ಹಿಡಿ ಅದೇ.

ಡಿಎನ್‌ಎ ಎನ್ನುವುದು ನಾಲ್ಕು ಬಗೆಯ ಕೊಂಡಿಗಳನ್ನು ಪೋಣಿಸಿದ ಉದ್ದನೆಯ ಸರಪಳಿ. ಪ್ರತಿ ಕೊಂಡಿಗೆ ಹಿಂದೆ ಒಂದು, ಮುಂದೆ ಒಂದು ಕೊಕ್ಕೆ. ಹಿಂದಿನದು ಆಗಲೇ ಇರುವ ಸರಪಳಿಗೆ ಸೇರುತ್ತದೆ, ಮುಂದಿನದಕ್ಕೆ ಹೊಸ ಕೊಂಡಿ ಬಂದು ಕೂರುತ್ತದೆ. ಅಸೈಕ್ಲೋವಿರ್ ಈ ನಾಲ್ಕರಲ್ಲಿ ಒಂದರಂತೆಯೇ, ‘ಜಿ’ ಎಂದು ಕರೆಯುವ ಕೊಂಡಿಯಂತೆಯೇ, ಕಾಣುತ್ತದೆ. ಆದರೆ ಅದಕ್ಕೆ ಮುಂದಿನ ಕೊಕ್ಕೆ ಇಲ್ಲ. ವೈರಸ್ಸಿನ ಕಿಣ್ವ ಮೋಸಹೋಗಿ ಅದನ್ನು ಸರಪಳಿಗೆ ಸೇರಿಸಿತೋ, ಅಲ್ಲಿಗೆ ಸರಪಳಿ ಮುಗಿಯಿತು. ಅರ್ಧ ಸರಪಳಿಯಿಂದ ಹೊಸ ವೈರಸ್ ಹುಟ್ಟುವುದಿಲ್ಲ.

ನಮ್ಮ ಡಿಎನ್‌ಎಗೂ ಇದೇ ಗತಿ ಬರಬೇಕಲ್ಲವೇ ಎಂದು ನಿಮಗೆ ಅನ್ನಿಸಬಹುದು. ಇಲ್ಲಿಯೇ ಈ ಔಷಧಿಯ ಚೆಲುವು ಇರುವುದು. ನುಂಗಿದ ಅಸೈಕ್ಲೋವಿರ್ ಹಾಗೆಯೇ ಏನೂ ಮಾಡಲಾರದು. ಅದಕ್ಕೆ ಫಾಸ್ಫೇಟ್ ಎಂಬ ಸಣ್ಣ ರಾಸಾಯನಿಕ ತುಣುಕು ಒಂದರ ಹಿಂದೆ ಒಂದರಂತೆ ಮೂರು ಅಂಟಬೇಕು, ಆಗಲೇ ಅದು ಸರಪಳಿಗೆ ಸೇರುವ ಕೊಂಡಿಯಾಗುವುದು. ಎರಡನೆಯದನ್ನೂ ಮೂರನೆಯದನ್ನೂ ನಮ್ಮ ಕೋಶವೇ ಅಂಟಿಸಬಲ್ಲದು. ಮೊದಲನೆಯದನ್ನು ಅಂಟಿಸುವುದು ಮಾತ್ರ ಹೆಚ್ಚುಕಡಿಮೆ ವೈರಸ್ಸಿನ ಕಿಣ್ವಕ್ಕಷ್ಟೇ ಸಾಧ್ಯ. ಅಂದರೆ ಕಳ್ಳನಿರುವ ಮನೆಯಲ್ಲಿ ಮಾತ್ರ ಮಾತ್ರೆ ಎಚ್ಚರವಾಗುತ್ತದೆ. ಪಕ್ಕದ ಆರೋಗ್ಯವಂತ ಕೋಶದಲ್ಲಿ ಬಂದ ಹಾಗೇ ಹೊರಟುಹೋಗುತ್ತದೆ. ವೈರಸ್ಸಿಗೆ ತಾಗುವ ಔಷಧಿ ನಮ್ಮ ಕೋಶಕ್ಕೂ ತಾಗಿಯೇ ತೀರುತ್ತದೆ ಎಂದು ನಂಬಿದ್ದ ಕಾಲದಲ್ಲಿ ಆ ನಂಬಿಕೆಯನ್ನು ಮುರಿದ ಔಷಧಿ ಇದು. ಇದರ ಹಿಂದಿದ್ದ ಗರ್ಟ್ರೂಡ್ ಎಲಿಯನ್ ಅವರಿಗೆ, ಔಷಧಿ ರೂಪಿಸುವ ಹೊಸ ದಾರಿ ತೋರಿಸಿದ್ದಕ್ಕಾಗಿ, 1988ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಹುಮಾನ ಬಂತು.

ಈಗ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ನಿಮ್ಮ ಎಲ್ಲ ಪ್ರಶ್ನೆಗಳಿಗೂ ಇದೇ ಕೀಲಿ. ಈ ಮಾತ್ರೆ ವೈರಸ್ಸನ್ನು ಕೊಲ್ಲುವುದಿಲ್ಲ. ನಕಲಾಗುವುದನ್ನು ತಡೆಯುತ್ತದೆ, ಅಷ್ಟೇ. ಆಗಲೇ ಹುಟ್ಟಿರುವ ವೈರಸ್ಸನ್ನು ತೊಡೆದುಹಾಕುವುದು ತಾಯಿಯವರ ಮೈಯ ರೋಗನಿರೋಧಕ ಶಕ್ತಿಯ ಕೆಲಸ. ಮಾತ್ರೆ ಅದಕ್ಕೆ ಬೇಕಾದ ಸಮಯ ಗಳಿಸಿಕೊಡುತ್ತದೆ. ಆದ್ದರಿಂದಲೇ ಇಲ್ಲಿ ಗಡಿಯಾರಕ್ಕೆ ಅಷ್ಟು ಬೆಲೆ.

ಗುಳ್ಳೆ ಕಾಣಿಸಿಕೊಂಡ 72 ಗಂಟೆಯೊಳಗೆ ಮಾತ್ರೆ ಶುರುವಾಗಬೇಕು ಅನ್ನುವುದು ಇದಕ್ಕೇ. ನಕಲಿನ ಭರಾಟೆ ಇರುವುದು ಆ ದಿನಗಳಲ್ಲಿ. ನೀವು ಎರಡನೇ ದಿನವೇ ಡಾಕ್ಟರ ಹತ್ತಿರ ಹೋದಿರಿ, ಬಹಳ ಒಳ್ಳೆಯದಾಯಿತು. 72 ಗಂಟೆ ದಾಟಿದವರಿಗೆ ಕೊಡಲೇಬಾರದು ಎಂದೇನಿಲ್ಲ. ಹೊಸ ಗುಳ್ಳೆ ಇನ್ನೂ ಏಳುತ್ತಿದ್ದರೆ, ಕಣ್ಣಿನ ಹತ್ತಿರ ಎದ್ದಿದ್ದರೆ, ವಯಸ್ಸಾದವರಾಗಿದ್ದರೆ ಆಮೇಲೂ ಕೊಡುತ್ತಾರೆ.

ಐದು ಸಲ ಯಾಕೆ ಎಂಬುದು ಲೆಕ್ಕದ ಮಾತು. ಅಸೈಕ್ಲೋವಿರ್ ಹೊಟ್ಟೆಯಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ: ನುಂಗಿದ್ದರಲ್ಲಿ ಹೆಚ್ಚೆಂದರೆ ಐದನೇ ಒಂದು ಭಾಗ. ಸೇರಿದ್ದೂ ಬಹಳ ಹೊತ್ತು ನಿಲ್ಲುವುದಿಲ್ಲ. ಕಿಡ್ನಿ ಚೆನ್ನಾಗಿದ್ದವರಲ್ಲಿ ಸುಮಾರು ಮೂರು ಗಂಟೆಗೊಮ್ಮೆ ಅರ್ಧಕ್ಕರ್ಧ ಇಳಿಯುತ್ತದೆ. ನಾಲ್ಕು ಗಂಟೆಗೊಂದು ಕೊಟ್ಟರೆ ಮಟ್ಟ ಅರ್ಧಕ್ಕಿಂತ ಸ್ವಲ್ಪ ಕೆಳಗೆ ಬರುವಷ್ಟರಲ್ಲಿ ಮುಂದಿನ ಮಾತ್ರೆ ಬಂದು ಎತ್ತುತ್ತದೆ. ಎಂಟು ಗಂಟೆಗೊಂದು ಕೊಟ್ಟರೆ ಅಷ್ಟು ಹೊತ್ತಿಗೆ ಆರನೇ ಒಂದು ಭಾಗವಷ್ಟೇ ಉಳಿದಿರುತ್ತದೆ. ಆ ಕೊನೆಯ ಎರಡು ಮೂರು ಗಂಟೆಯಲ್ಲಿ ವೈರಸ್ ಮತ್ತೆ ಕೆಲಸಕ್ಕೆ ಕೂರುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿದ್ದೆಗಾಗಿ ಅಷ್ಟು ಅಂತರ ಬಿಟ್ಟುಕೊಟ್ಟಿದ್ದಾಗಿದೆ. ಹಗಲಿಗೂ ಅದೇ ಅಂತರ ಬಂದರೆ ದಿನಕ್ಕೆ ಮೂರು ಸಲ ಬಾಗಿಲು ತೆರೆದಿಟ್ಟ ಹಾಗಾಗುತ್ತದೆ. ಮೂರು ದಿನದಿಂದ ತಾಯಿಯವರಿಗೆ ಆಗುತ್ತಿರುವುದು ಇದೇ.

ಐದು ಸಲ ಕೊಡುವುದು ಮನೆಯಲ್ಲಿ ನಿಜಕ್ಕೂ ಕಷ್ಟ ಎನ್ನುವುದು ಗೊತ್ತು. ಹುಳು ಮೇಯಿಸುವ ಹೊತ್ತು, ಸೊಪ್ಪು ಕೊಯ್ಯುವ ಹೊತ್ತು ಯಾರೂ ಕೈಗೆ ಸಿಗುವುದಿಲ್ಲ. ಅದಕ್ಕೊಂದು ದಾರಿ ಇದೆ: ವಲಸೈಕ್ಲೋವಿರ್. ಇದು ಕರುಳು, ಲಿವರ್ ದಾಟುವಾಗ ಅಸೈಕ್ಲೋವಿರ್ ಆಗಿಯೇ ಬದಲಾಗುತ್ತದೆ, ಆದರೆ ರಕ್ತಕ್ಕೆ ಸೇರುವ ಪಾಲು ಅರ್ಧಕ್ಕಿಂತ ಹೆಚ್ಚು. ಹಾಗಾಗಿ 1000 ಮಿ.ಗ್ರಾಂ. ಮಾತ್ರೆ ಎಂಟು ಗಂಟೆಗೊಂದರಂತೆ ದಿನಕ್ಕೆ ಮೂರೇ ಸಾಕು. ಬೆಲೆ ಹೆಚ್ಚು. ಬದಲಿಸಿಕೊಡಿ ಎಂದು ಡಾಕ್ಟರನ್ನು ಕೇಳಲು ಸಂಕೋಚ ಬೇಡ; ನೀವಾಗಿ ಐದನ್ನು ಮೂರು ಮಾಡುವುದಕ್ಕಿಂತ ಅದು ನೂರು ಪಾಲು ಮೇಲು.

ಅಂಗಡಿಯಲ್ಲಿ ಆಗುವ ಇನ್ನೊಂದು ಎಡವಟ್ಟು ಹೇಳಿಬಿಡುತ್ತೇನೆ. ಅಸೈಕ್ಲೋವಿರ್ 200, 400, 800 ಮೂರೂ ಬರುತ್ತವೆ. ತುಟಿಯ ಅಂಚಿನಲ್ಲಿ ಏಳುವ ಜ್ವರದ ಗುಳ್ಳೆಗೆ 200 ಅಥವಾ 400 ಸಾಕು, ಆ ವೈರಸ್ ಈ ಔಷಧಿಗೆ ಬೇಗ ಬಗ್ಗುತ್ತದೆ. ಸರ್ಪಸುತ್ತಿನದು ಅದರ ದಾಯಾದಿಯೇ ಆದರೂ ಹೆಚ್ಚು ಮೊಂಡು, ಅದಕ್ಕೆ 800 ಬೇಕು. 800 ಸ್ಟಾಕ್ ಇಲ್ಲವೆಂದು 400ರ ಮಾತ್ರೆ ಕೊಟ್ಟಿದ್ದರೆ ಒಂದು ಸಲಕ್ಕೆ ಎರಡು ನುಂಗಬೇಕು. ಸ್ಟ್ರಿಪ್ಪಿನ ಹಿಂದೆ ಏನಿದೆ ಎಂದು ಈಗಲೇ ನೋಡಿ. ಅಸೈಕ್ಲೋವಿರ್ ಮುಲಾಮು ಸಹ ಸಿಗುತ್ತದೆ. ಸರ್ಪಸುತ್ತಿಗೆ ಅದು ಉಪಯೋಗವಿಲ್ಲ, ವೈರಸ್ ಇರುವುದು ನರದ ಒಳಗೆ.

ಈಗ ಹೀಟಿನ ವಿಷಯ. ನಿಮ್ಮ ಅಂಜಿಕೆ ಪೂರ್ತಿ ಸುಳ್ಳಲ್ಲ. ಈ ಔಷಧಿ ಹೊರಹೋಗುವುದು ಬಹುಪಾಲು ಮೂತ್ರದ ಮೂಲಕ. ನೀರು ಕಡಿಮೆಯಾದರೆ ಕಿಡ್ನಿಯ ಸಣ್ಣ ನಾಳಗಳಲ್ಲಿ ಅದು ಹರಳುಗಟ್ಟಿ ಕೂರಬಹುದು. ಪರಿಹಾರ ಮಾತ್ರೆ ಕಡಿಮೆ ಮಾಡುವುದರಲ್ಲಿಲ್ಲ, ನೀರು ಹೆಚ್ಚು ಮಾಡುವುದರಲ್ಲಿದೆ. ಹೃದಯದ ಅಥವಾ ಕಿಡ್ನಿಯ ತೊಂದರೆಗೆಂದು ಡಾಕ್ಟರು ನೀರಿಗೆ ಮಿತಿ ಹಾಕಿಲ್ಲದಿದ್ದರೆ ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಹೋಗಲಿ. ನೀರು ಮಜ್ಜಿಗೆ, ಸಕ್ಕರೆಯಿಲ್ಲದ ನಿಂಬೆ ನೀರು ಎಲ್ಲ ಲೆಕ್ಕಕ್ಕೆ ಬರುತ್ತವೆ. ಮೂತ್ರ ತಿಳಿಯಾಗಿ ಹೋಗುತ್ತಿದ್ದರೆ ಸಾಕು.

ಶುಗರ್ ಇರುವ 64ರ ವಯಸ್ಸಿನವರಲ್ಲಿ ಕಿಡ್ನಿ ಒಳಗೊಳಗೇ ಸೊರಗಿರುವುದು ಸಾಮಾನ್ಯ, ಅದಕ್ಕೇ ಕ್ರಿಯಾಟಿನಿನ್ ಮಾತು ಮೊದಲೇ ಎತ್ತಿದ್ದು. ಕಿಡ್ನಿ ಬಹಳ ಸೊರಗಿದ್ದರೆ ಇದೇ 800ರ ಮಾತ್ರೆಯನ್ನು ಎಂಟು ಗಂಟೆಗೊಂದು, ಇನ್ನೂ ಸೊರಗಿದ್ದರೆ ಹನ್ನೆರಡು ಗಂಟೆಗೊಂದು ಎಂದು ಡಾಕ್ಟರೇ ಇಳಿಸುತ್ತಾರೆ. ಆ ತೀರ್ಮಾನ ರಕ್ತ ಪರೀಕ್ಷೆ ನೋಡಿ ಅವರು ಮಾಡಬೇಕಾದ್ದು. ಇದರ ಜೊತೆಗೆ ಉರಿ ತಡೆಯಲಾರದೆ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ನುಂಗಿಸಿದರೆ, ಚುಚ್ಚಿಸಿದರೆ, ಕಿಡ್ನಿಗೆ ಎರಡೂ ಕಡೆಯಿಂದ ಏಟು. ನೋವಿಗೆ ಪ್ಯಾರಾಸಿಟಮಾಲ್ 650 ಆರು ಗಂಟೆಗೊಂದರಂತೆ, ದಿನಕ್ಕೆ ನಾಲ್ಕು ಮೀರದಂತೆ ಕೊಡಬಹುದು. ಇದು ನರದ ನೋವಾದ್ದರಿಂದ ಅಷ್ಟಕ್ಕೇ ಬಗ್ಗದಿರಬಹುದು. ಆಗ ಗಾಬಾಪೆಂಟಿನ್, ಪ್ರೀಗಾಬಾಲಿನ್, ಅಮಿಟ್ರಿಪ್ಟಿಲಿನ್ ಎಂಬ ಬೇರೆ ಬಗೆಯ ಮಾತ್ರೆಗಳಿವೆ, ಸಣ್ಣ ಪ್ರಮಾಣದಲ್ಲಿ ಡಾಕ್ಟರು ಶುರುಮಾಡುತ್ತಾರೆ. ಅವುಗಳಿಂದ ಮಂಪರು ಬರುತ್ತದೆ. ರಾತ್ರಿ ಬಚ್ಚಲಿಗೆ ಹೋಗುವಾಗ ಯಾರಾದರೂ ಜೊತೆಗಿರಲಿ.

ಮಾತ್ರೆ ನಡೆಯುತ್ತಿರುವಾಗ ತಾಯಿಯವರು ಅಸಂಬದ್ಧ ಮಾತಾಡಿದರೆ, ಇಲ್ಲದ್ದು ಕಾಣುತ್ತಿದೆ ಎಂದರೆ, ಕೈಕಾಲು ಹಠಾತ್ತನೆ ಎಗರುತ್ತಿದ್ದರೆ, ಎಬ್ಬಿಸಿದರೂ ಏಳದಷ್ಟು ಮಂಪರಿದ್ದರೆ, ಮೂತ್ರ ಕಡಿಮೆಯಾದರೆ ಮುಂದಿನ ಮಾತ್ರೆ ಕೊಡಬೇಡಿ, ಹತ್ತಿರದ ಆಸ್ಪತ್ರೆಗೆ ಆ ಕ್ಷಣವೇ ಹೊರಡಿ. ವಯಸ್ಸಾಯಿತು, ಜ್ವರದ ತಲೆ ಎಂದು ಮನೆಯವರು ಕಡೆಗಣಿಸುವುದು ಇದನ್ನೇ. ಅದು ಔಷಧಿ ರಕ್ತದಲ್ಲಿ ಅತಿಯಾಗಿ ಶೇಖರವಾದ ಗುರುತು.

ಮೂರನೇ ದಿನವೂ ಹೊಸ ಗುಳ್ಳೆ ಬರುತ್ತಿವೆ ಎಂದು ಬರೆದಿದ್ದೀರಿ. ಅದರಿಂದ ಎದೆಗುಂದಬೇಡಿ. ಸರ್ಪಸುತ್ತಿನಲ್ಲಿ ಮೂರರಿಂದ ಐದು ದಿನ ಹೊಸ ಗುಳ್ಳೆ ಏಳುವುದು ಸಹಜ. ಏಳರಿಂದ ಹತ್ತು ದಿನಕ್ಕೆ ಅವು ಒಣಗಿ ಹಕ್ಕು ಕಟ್ಟುತ್ತವೆ, ಹಕ್ಕು ಉದುರಿ ಚರ್ಮ ಮೊದಲಿನಂತಾಗಲು ಎರಡರಿಂದ ನಾಲ್ಕು ವಾರ. ಸರಿಯಾದ ಹೊತ್ತಿಗೆ ಮಾತ್ರೆ ಹೋದರೆ ಈ ಮೆರವಣಿಗೆ ಬೇಗ ಮುಗಿಯುತ್ತದೆ, ಮೊದಲ ದಿನಗಳ ಉರಿ ಬೇಗ ತಗ್ಗುತ್ತದೆ. ಮಾತ್ರೆ ನುಂಗಿದ ಮರುದಿನವೇ ಗುಳ್ಳೆ ಬತ್ತಬೇಕು ಎಂದು ಕಾಯಬೇಡಿ. ಇವತ್ತು ಚರ್ಮದ ಮೇಲೆ ಕಾಣುವುದು ಎರಡು ಮೂರು ದಿನದ ಹಿಂದೆ ಒಳಗೆ ಆದ ನಕಲಿನ ಫಲ. ಏಳು ದಿನ ಕಳೆದ ಮೇಲೂ ಹೊಸ ಗುಳ್ಳೆ ನಿಲ್ಲದಿದ್ದರೆ, ಎದೆಯ ಎಡಭಾಗಕ್ಕೂ, ಕೈಗೂ ಮುಖಕ್ಕೂ ಹರಡಿದರೆ ಮತ್ತೆ ತೋರಿಸಲೇಬೇಕು. ಆಗ ರೋಗನಿರೋಧಕ ಶಕ್ತಿ ಯಾಕೆ ಕುಗ್ಗಿದೆ ಎಂದು ಹುಡುಕಬೇಕಾಗುತ್ತದೆ.

ಕೆಮ್ಮಣ್ಣಿನ ಬಗ್ಗೆ. ಹಾವಿನ ತಲೆಯೂ ಬಾಲವೂ ಕೂಡಿದರೆ ಜೀವಕ್ಕೆ ಅಪಾಯ ಎಂಬ ಭಯದಿಂದ, ಅದನ್ನು ತಡೆಯಲೆಂದು ಬರೆಸುವುದು ತಲೆತಲಾಂತರದಿಂದ ನಡೆದುಬಂದಿದೆ. ಚಿಕ್ಕಂದಿನಲ್ಲಿ ಅಮ್ಮ ಆಗಿದ್ದಾಗ, ಅಂದರೆ ಚಿಕನ್ ಪಾಕ್ಸ್ ಆಗಿದ್ದಾಗ, ಮೈ ಸೇರಿದ ವೈರಸ್ ಬೆನ್ನುಹುರಿಯ ಪಕ್ಕದ ನರದ ಗಂಟಿನಲ್ಲಿ ಹತ್ತಾರು ವರ್ಷ ಮಲಗಿರುತ್ತದೆ. ವಯಸ್ಸೋ ಕಾಯಿಲೆಯೋ ಮೈಯನ್ನು ಕುಗ್ಗಿಸಿದಾಗ ಎದ್ದು ಆ ಒಂದು ನರದ ಹಾದಿಯಲ್ಲೇ ಚರ್ಮಕ್ಕೆ ಬರುತ್ತದೆ. ಎದೆಯ ಸುತ್ತಲಿನ ಇಂಥ ಪ್ರತಿ ನರವೂ ಬೆನ್ನಿನಿಂದ ಹೊರಟು ಎದೆಯ ನಡುವಿಗೆ ಬಂದು ನಿಲ್ಲುತ್ತದೆ, ಆಚೆ ದಾಟುವುದಿಲ್ಲ. ಆದ್ದರಿಂದ ಸರ್ಪಸುತ್ತು ಅರ್ಧ ಸುತ್ತಿಗೆ ನಿಲ್ಲುವುದು ಅದರ ಸ್ವಭಾವ. ಮಣ್ಣು ಬರೆಸಿದರೂ ನಿಲ್ಲುತ್ತದೆ, ಬರೆಸದಿದ್ದರೂ ನಿಲ್ಲುತ್ತದೆ. ಮನೆಯ ಹಿರಿಯರ ಸಮಾಧಾನಕ್ಕೆ ಹೋಗಲೇಬೇಕಿದ್ದರೆ 10 ಗಂಟೆಯ ಮಾತ್ರೆ ನುಂಗಿಸಿಯೇ ಕರೆದೊಯ್ಯಿರಿ, 2 ಗಂಟೆಯ ಮಾತ್ರೆ ಜೇಬಿನಲ್ಲಿರಲಿ. ಒಡೆದ ಗುಳ್ಳೆಯ ಮೇಲೆ ಮಾತ್ರ ಮಣ್ಣಾಗಲಿ ಸೊಪ್ಪಿನ ರಸವಾಗಲಿ ಬೀಳದಿರಲಿ, ಹಸಿ ಗಾಯಕ್ಕೆ ಮಣ್ಣಿನಿಂದ ಕೀವೂ ಧನುರ್ವಾಯುವೂ ಬರಬಹುದು. ಮಣ್ಣಿಗಿಂತ ದೊಡ್ಡ ನಷ್ಟ, ಬರೆಸಿ ನೋಡೋಣ ಎಂದು ಕಾದು ಕಳೆದುಕೊಳ್ಳುವ ಮೊದಲ ಮೂರು ದಿನ. ನೀವು ಆ ದಿನಗಳನ್ನು ಪೂರ್ತಿ ಕಳೆದುಕೊಂಡಿಲ್ಲ.

ಇದನ್ನು ಓದುವ ಬೇರೆ ಮನೆಯವರಿಗೆ ಒಂದು ಮಾತು: ಸರ್ಪಸುತ್ತು ಹಣೆಯ ಮೇಲೆ, ಮೂಗಿನ ತುದಿಯ ಮೇಲೆ ಎದ್ದರೆ ಕಣ್ಣಿಗೆ ಇಳಿಯುವ ನರದಲ್ಲಿದೆ ಎಂದು ತಿಳಿದು ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಕಿವಿಯಲ್ಲಿ ಎದ್ದು ಬಾಯಿ ಸೊಟ್ಟಗಾದರೂ ಅಷ್ಟೇ ತುರ್ತು.

ಮಗುವಿನ ವಿಷಯ. ತಾಯಿಯವರಿಂದ ಮಗುವಿಗೆ ಸರ್ಪಸುತ್ತು ಬರುವುದಿಲ್ಲ, ಆದರೆ ಗುಳ್ಳೆಯ ನೀರು ತಾಗಿದರೆ ಚಿಕನ್ ಪಾಕ್ಸ್ ಬರಬಹುದು. ಎಲ್ಲ ಗುಳ್ಳೆ ಒಣಗಿ ಹಕ್ಕು ಕಟ್ಟುವವರೆಗೆ ಅಜ್ಜಿ ಮಗುವನ್ನು ಎತ್ತಿಕೊಳ್ಳುವುದು, ಪಕ್ಕದಲ್ಲಿ ಮಲಗಿಸಿಕೊಳ್ಳುವುದು ಬೇಡ. ಗುಳ್ಳೆಯ ಮೇಲೆ ಒಗೆದ ಹತ್ತಿ ಬಟ್ಟೆ ಸಡಿಲವಾಗಿ ಮುಚ್ಚಿರಲಿ. ಅವರ ಟವೆಲ್ಲು, ಸೀರೆ, ಹೊದಿಕೆ ಬೇರೆಯೇ ಬಿಸಿನೀರಲ್ಲಿ ನೆನೆಸಿ ಒಗೆಯಿರಿ, ಮುಟ್ಟಿದವರು ಸೋಪು ಹಾಕಿ ಕೈ ತೊಳೆಯಲಿ. ಮೂರು ವಾರದೊಳಗೆ ಮಗುವಿನ ಮೈಮೇಲೆ ನೀರು ತುಂಬಿದ ಗುಳ್ಳೆ ಒಂದು ಕಂಡರೂ ಆ ದಿನವೇ ಮಕ್ಕಳ ಡಾಕ್ಟರಿಗೆ ತೋರಿಸಿ, ಅಲ್ಲೂ ಗಡಿಯಾರವೇ ಮುಖ್ಯ: ಮೊದಲ 24 ಗಂಟೆ. ಮನೆಯಲ್ಲಿ ಬಸುರಿ ಇದ್ದು ಅವರಿಗೆ ಅಮ್ಮ ಆಗಿಲ್ಲದಿದ್ದರೆ ಗುಳ್ಳೆ ಏಳುವವರೆಗೂ ಕಾಯದೆ ಈಗಲೇ ಡಾಕ್ಟರಿಗೆ ಹೇಳಿ.

ಇನ್ನು ಡೆಂಗಿ. ‘ವೈರಸ್‌ಗೆ ಔಷಧಿ ಇಲ್ಲ’ ಎಂದದ್ದು ಡೆಂಗಿಯ ಮಟ್ಟಿಗೆ ನಿಜ. ಎಲ್ಲ ವೈರಸ್ಸಿಗೂ ಸೇರಿಸಿ ಹೇಳಿದರೆ ತಪ್ಪು. ಅಸೈಕ್ಲೋವಿರ್ ಡೆಂಗಿಗೆ ಕೊಟ್ಟರೆ ಮೊದಲ ಫಾಸ್ಫೇಟನ್ನೇ ಯಾರೂ ಅಂಟಿಸುವುದಿಲ್ಲ, ಯಾಕೆಂದರೆ ಡೆಂಗಿ ವೈರಸ್ಸಿಗೆ ಆ ಕಿಣ್ವವೇ ಇಲ್ಲ. ಅದು ಡಿಎನ್‌ಎ ವೈರಸ್ಸೇ ಅಲ್ಲ, ಆರ್‌ಎನ್‌ಎ ಎಂಬ ಬೇರೆ ಬಗೆಯ ಸರಪಳಿಯ ವೈರಸ್. ಅದು ಮಾಡಿಸಿಕೊಳ್ಳುವ ಪ್ರೋಟೀನುಗಳು ಬರೀ ಹತ್ತು. ಸರ್ಪಸುತ್ತಿನ ವೈರಸ್ಸಿನಲ್ಲಿ ಎಪ್ಪತ್ತರ ಹತ್ತಿರ ಜೀನ್‌ಗಳಿವೆ, ಅಂದರೆ ಪ್ರೋಟೀನು ಮಾಡಿಸುವ ಸೂಚನೆಗಳಿವೆ. ಹಿಡಿಯಲು ಸಿಗುವ ಹಿಡಿಗಳು ಡೆಂಗಿಯಲ್ಲಿ ಅಷ್ಟು ಕಡಿಮೆ.

ಅದಕ್ಕಿಂತ ದೊಡ್ಡ ತೊಡಕು ಸಮಯದ್ದು. ಡೆಂಗಿಯಲ್ಲಿ ವೈರಸ್ ತುತ್ತತುದಿಯಲ್ಲಿರುವುದು ಜ್ವರದ ಮೊದಲ ದಿನಗಳಲ್ಲಿ. ಅಪಾಯ ಬರುವುದು ನಾಲ್ಕರಿಂದ ಆರನೇ ದಿನದ ಸುಮಾರಿಗೆ, ಜ್ವರ ಇಳಿದು ಮನೆಯವರು ಉಸಿರು ಬಿಡುವ ಹೊತ್ತಿಗೆ. ಅಷ್ಟರಲ್ಲಿ ವೈರಸ್ ತಾನಾಗಿಯೇ ತಗ್ಗಿರುತ್ತದೆ. ತೊಂದರೆ ಕೊಡುತ್ತಿರುವುದು ರಕ್ತನಾಳಗಳಿಂದ ನೀರಿನ ಅಂಶ ಸೋರುವುದು. ಆಗ ನಕಲು ತಡೆಯುವ ಮಾತ್ರೆ ಕೊಟ್ಟು ಏನು ಬಂತು? ಅದಕ್ಕೇ ಡೆಂಗಿಯಲ್ಲಿ ಲೆಕ್ಕ ಹಾಕಿ ದ್ರವ ಕೊಡುವುದು, ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದನ್ನೇ ಕೊಡುವುದು, ರಕ್ತಸ್ರಾವ ಹೆಚ್ಚಿಸುವ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಮುಟ್ಟದಿರುವುದು, ಹೊಟ್ಟೆನೋವು, ಬಿಡದ ವಾಂತಿ, ವಸಡಲ್ಲಿ ರಕ್ತ, ತಣ್ಣಗಾದ ಕೈಕಾಲು ಕಂಡರೆ ಆಸ್ಪತ್ರೆಗೆ ಓಡುವುದು, ಇದೇ ಚಿಕಿತ್ಸೆ. ಪರಂಗಿ ಎಲೆಯ ರಸ ವೈರಸ್ಸನ್ನು ತಡೆಯುವುದಿಲ್ಲ. ಆ ಕಹಿ ಕುಡಿದು ಮಗು ವಾಂತಿ ಮಾಡಿಕೊಂಡರೆ ಕುಡಿಸಿದ್ದ ನೀರೂ ಹೋಯಿತು. ಕೋಲಾರದ ಟೊಮೆಟೊ ಬೆಳೆಗಾರರು ಎಲೆಮುದುರು ನಂಜಿಗೆ ಔಷಧಿ ಹುಡುಕದೆ ಬಿಳಿನೊಣದ ಹಿಂದೆ ಬೀಳುತ್ತಾರಲ್ಲ, ಡೆಂಗಿಯಲ್ಲಿ ಸೊಳ್ಳೆಯ ಹಿಂದೆ ಬೀಳುವುದಕ್ಕೂ ಕಾರಣ ಅದೇ.

ಫ್ಲೂ ಜ್ವರಕ್ಕೆ ಔಷಧಿ ಇದೆ, ಅದು ಹಿಡಿಯುವ ಜಾಗ ಬೇರೆ. ಕೋಶದಲ್ಲಿ ಹುಟ್ಟಿದ ಹೊಸ ಫ್ಲೂ ವೈರಸ್ ಹೊರಬರುವಾಗ ಕೋಶದ ಮೈಮೇಲಿನ ಸಕ್ಕರೆಯಂಥ ಪದಾರ್ಥಕ್ಕೆ ಅಂಟಿಕೊಂಡಿರುತ್ತದೆ, ಅದನ್ನು ಕತ್ತರಿಸಿಕೊಳ್ಳಲು ಒಂದು ಕತ್ತರಿ ತಂದಿರುತ್ತದೆ. ಒಸೆಲ್ಟಾಮಿವಿರ್ ಆ ಕತ್ತರಿಯ ಬಾಯಿಗೆ ಸಿಕ್ಕಿಕೊಂಡು ಅದನ್ನು ಆಡದಂತೆ ಮಾಡುತ್ತದೆ. ಹೊಸ ವೈರಸ್ ಹುಟ್ಟಿದ ಕೋಶಕ್ಕೇ ಅಂಟಿ ಉಳಿಯುತ್ತದೆ. ದೊಡ್ಡವರಿಗೆ 75 ಮಿ.ಗ್ರಾಂ. ದಿನಕ್ಕೆರಡು, ಐದು ದಿನ, 48 ಗಂಟೆಯೊಳಗೆ ಶುರುವಾಗಬೇಕು. ಆರೋಗ್ಯವಂತರಲ್ಲಿ ಕಾಯಿಲೆ ಸುಮಾರು ಒಂದು ದಿನ ಬೇಗ ಮುಗಿಯುತ್ತದೆ, ಅಷ್ಟೇ. ಬಸುರಿಯರಿಗೆ, ವಯಸ್ಸಾದವರಿಗೆ, ಉಬ್ಬಸ ಇರುವವರಿಗೆ, ಆಸ್ಪತ್ರೆಗೆ ಸೇರಿದವರಿಗೆ ಇದನ್ನು ತಡಮಾಡದೆ ಕೊಡುತ್ತಾರೆ. ನೆಗಡಿಗೆ ಇದರಿಂದ ಉಪಯೋಗವಿಲ್ಲ, ನೆಗಡಿಯ ವೈರಸ್ಸಿಗೆ ಆ ಕತ್ತರಿ ಇಲ್ಲ. ಪಲಾವಿಗೆ ಹಾಕುವ ಚಕ್ರಮೊಗ್ಗಿನಿಂದ ತೆಗೆದ ಶಿಕಿಮಿಕ್ ಆಮ್ಲದಿಂದ ಈ ಔಷಧಿ ತಯಾರಿಸುತ್ತಾ ಬಂದಿದ್ದಾರೆ ಎಂಬುದು ನಿಜ, ಆದರೆ ಕಾರ್ಖಾನೆಯಲ್ಲಿ ಹಲವು ಹಂತ ದಾಟಿದ ಮೇಲಷ್ಟೇ ಅದು ಔಷಧಿ. ಚಕ್ರಮೊಗ್ಗಿನ ಕಷಾಯ ಒಸೆಲ್ಟಾಮಿವಿರ್ ಅಲ್ಲ.

ವೈರಸ್ ಎಲ್ಲಿ ಅಡಗುತ್ತದೆ ಎಂಬುದರ ಮೇಲೆ ಕಾಯಿಲೆ ವಾಸಿಯಾಗುತ್ತದೋ ಹತೋಟಿಯಲ್ಲಷ್ಟೇ ಇರುತ್ತದೋ ಎಂಬುದು ನಿಂತಿದೆ. ಲಿವರಿಗೆ ತಗುಲುವ ಹೆಪಟೈಟಿಸ್ ಸಿ ವೈರಸ್ ಅಡಗುವುದಿಲ್ಲ, ಉಳಿಯಬೇಕಾದರೆ ಸದಾ ನಕಲಾಗುತ್ತಲೇ ಇರಬೇಕು. ಸೋಫೋಸ್ಬುವಿರ್, ಡಕ್ಲಾಟಾಸ್ವಿರ್ ಜೋಡಿಯಿಂದ 12 ವಾರ ನಕಲು ನಿಲ್ಲಿಸಿದರೆ ಹೆಚ್ಚಿನವರಲ್ಲಿ ಪೂರ್ತಿ ಅಳಿದೇಹೋಗುತ್ತದೆ. ಹೆಪಟೈಟಿಸ್ ಬಿ ಕೋಶದ ನ್ಯೂಕ್ಲಿಯಸ್ಸಿನೊಳಗೆ ಸುರುಳಿಯಾಗಿ ಕೂರುತ್ತದೆ, ಎಚ್ಐವಿ ನಮ್ಮ ಡಿಎನ್‌ಎಯಲ್ಲೇ ಹೊಲಿದುಕೊಳ್ಳುತ್ತದೆ. ಮಾತ್ರೆ ನಿಲ್ಲಿಸಿದರೆ ಎರಡೂ ಮತ್ತೆ ಏಳುತ್ತವೆ. ಹೆಪಟೈಟಿಸ್ ಬಿ ಮಾತ್ರೆಯನ್ನು ಹುಷಾರಾದೆ ಎಂದು ತಾವೇ ನಿಲ್ಲಿಸಿದವರ ಲಿವರ್ ಹಠಾತ್ತನೆ ಕೆಡುವುದುಂಟು. ಎಚ್ಐವಿ ನಕಲಾಗುವಾಗ ತಪ್ಪುಗಳು ಹೇರಳ, ಆ ತಪ್ಪುಗಳಲ್ಲೇ ಒಂದು ಔಷಧಿಯಿಂದ ತಪ್ಪಿಸಿಕೊಳ್ಳುವ ರೂಪವೂ ಹುಟ್ಟುತ್ತದೆ. ಅದಕ್ಕೇ ಮೂರು ಔಷಧಿಯನ್ನು ಒಂದೇ ಮಾತ್ರೆಯಲ್ಲಿ ಸೇರಿಸಿ ದಿನಕ್ಕೊಂದು ಕೊಡುವುದು. ಎಚ್ಐವಿಗೆ 2004ರಿಂದ ಎಆರ್‌ಟಿ ಎಂಬ ಚಿಕಿತ್ಸಾ ಕೇಂದ್ರಗಳಲ್ಲಿ, ಹೆಪಟೈಟಿಸ್ ಬಿ ಮತ್ತು ಸಿಗೆ 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಸರ್ಕಾರವೇ ಉಚಿತವಾಗಿ ಔಷಧಿ ಕೊಡುತ್ತದೆ.

ತಾಯಿಯವರ ನರದ ಗಂಟಿನಲ್ಲಿ ಮಲಗಿರುವ ವೈರಸ್ಸೂ ಹೀಗೆಯೇ ಉಳಿಯುತ್ತದೆ. ಮಲಗಿರುವಾಗ ನಕಲಿಲ್ಲ, ನಕಲಿಲ್ಲದಿದ್ದರೆ ಅಸೈಕ್ಲೋವಿರ್‌ಗೆ ಕೆಲಸವಿಲ್ಲ. ಮತ್ತೆ ಏಳದಂತೆ ಕಾಯುವುದು ಲಸಿಕೆಯ ಕೆಲಸ; 50 ದಾಟಿದವರಿಗೆ ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು ಕೊಡುವ ಲಸಿಕೆ ನಮ್ಮಲ್ಲೂ ಸಿಗುತ್ತದೆ, ದುಬಾರಿ. ಗುಳ್ಳೆ ಪೂರ್ತಿ ವಾಸಿಯಾದ ಮೇಲೆ ಕೇಳಿ. ಈಗ ಹಾಕಿಸಿದರೆ ಈ ಸಲದ ಸರ್ಪಸುತ್ತಿಗೆ ಏನೂ ಆಗದು. ಚರ್ಮ ಮಾಗಿ ಮೂರು ತಿಂಗಳಾದರೂ ಆ ಜಾಗದಲ್ಲಿ ಸೀರೆಯ ಸೆರಗು ತಗುಲಿದರೂ ಉರಿಯುವಂತಿದ್ದರೆ ಅದು ವೈರಸ್ಸಿನದಲ್ಲ, ಏಟು ತಿಂದ ನರದ್ದು. ಅದಕ್ಕೆ ನರದ ನೋವಿನ ಮಾತ್ರೆಗಳೇ ಬೇಕು, ಅಸೈಕ್ಲೋವಿರ್ ಮತ್ತೆ ಶುರುಮಾಡಿ ಪ್ರಯೋಜನವಿಲ್ಲ.

ಉಳಿದಿರುವ 26 ಮಾತ್ರೆಗಳಲ್ಲಿ ಮುಂದಿನ ನಾಲ್ಕು ದಿನಕ್ಕೆ 20 ಹೋದರೆ ಭಾನುವಾರ ರಾತ್ರಿಗೆ ಆರು ಮಿಗುತ್ತವೆ. ಅವನ್ನು ಮುಂದುವರಿಸಬೇಕೋ ಬೇಡವೋ ಎಂದು ಸೋಮವಾರ ಗುಳ್ಳೆಗಳನ್ನು ನೋಡಿ ಡಾಕ್ಟರು ಹೇಳುತ್ತಾರೆ. ಬೇಡ ಎಂದರೆ ಆ ಆರನ್ನು ಪಕ್ಕದ ಮನೆಯವರ ಸರ್ಪಸುತ್ತಿಗೆಂದು ಎತ್ತಿಡಬೇಡಿ, ಒಂದು ದಿನದ ಮಾತ್ರೆಯಿಂದ ಅವರಿಗೆ ಗುಣವಾಗುವುದಿಲ್ಲ, ಡಾಕ್ಟರ ಹತ್ತಿರ ಹೋಗುವುದು ಮಾತ್ರ ತಡವಾಗುತ್ತದೆ.